ಚಿಕ್ಕೋಡಿ–ಅಥಣಿ ಸೀಮೆಯಲ್ಲಿ ಇಂಗ್ಲಿಷ್ ವ್ಯಾಕರಣದ ವ್ಯಾಸಂಗ

ಒಂದು ಭಾಷೆಯ ಲಕ್ಷಣವನ್ನು ಮತ್ತೊಂದು ಭಾಷೆಯಲ್ಲಿ ಹೇಳುವುದು ಕರ್ಣಾಟಕಕ್ಕೆ ಹೊಸತಲ್ಲ. ನಾಗವರ್ಮನು ಕರ್ಣಾಟಕ ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. 1604ರಲ್ಲಿ ಭಟ್ಟಾಕಳಂಕದೇವನು ಮುಗಿಸಿದ ಶಬ್ದಾನುಶಾಸನವೂ ಅದೇ ಜಾಡಿನದು. ಕ್ರೈಸ್ತ ಪಾದ್ರಿ ವಿಲಿಯಂ ಕೇರಿಯು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ಕನ್ನಡ ವ್ಯಾಕರಣವು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟುದು. ಆದರೆ ಈ ಗ್ರಂಥಗಳಲ್ಲೆಲ್ಲ ಓದುವವನು ತಾನು ಮೊದಲೇ ಚೆನ್ನಾಗಿ ಬಲ್ಲ ಭಾಷೆಯೊಂದನ್ನು ಕೈಗೋಲಾಗಿ ಹಿಡಿದು ಮುಂದಕ್ಕೆ ನಡೆಯುತ್ತಿದ್ದನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇಂಗ್ಲಿಷು ಕಲಿತ ಅನೇಕ ಮಕ್ಕಳಿಗೆ ಆ ಕೈಗೋಲು ಕೂಡ ಎರವಿನದೇ ಆಗಿದ್ದಿತು. ಮನೆಯ ಮಾತು ಕನ್ನಡ, ವಿವರಣೆಯ ಭಾಷೆ ಮರಾಠಿ, ಕಲಿಯತಕ್ಕ ಭಾಷೆ ಇಂಗ್ಲಿಷು. ಈ ಮೂರರ ಸಂಬಂಧವು ಶಾಲೆಯ ಒಳಗೆ ಹೇಗೆ ನಡೆಯಿತೆಂಬುದನ್ನು ವಿಚಾರಿಸಿದವರು ವಿರಳ. ಶಿಕ್ಷಣದ ಇತಿಹಾಸವನ್ನು ಬರೆದವರು ಶಾಲೆಗಳನ್ನು ಎಣಿಸಿರುವರು. ಶಾಲೆಯಲ್ಲಿ ಒಂದು ವಾಕ್ಯವು ಹೇಗೆ ಕಟ್ಟಲ್ಪಡುತ್ತಿತ್ತೆಂಬುದನ್ನು ನೋಡಿದುದು ಕಡಿಮೆ.

ಮೊದಲು ಸೀಮೆಯ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯುವುದು ಒಳಿತು. 1818ರಲ್ಲಿ ಪೇಶ್ವೆಯರ ಆಳಿಕೆಯು ಮುಗಿದ ಬಳಿಕ ಈ ಭಾಗವು ಒಂದೇ ಕೈಗೆ ಸೇರಲಿಲ್ಲ. ಚಿಕ್ಕೋಡಿ, ಅಥಣಿಗಳು ಕಾಲಕ್ರಮದಲ್ಲಿ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ತಾಲೂಕುಗಳಾದುವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿದ್ದು, ಆ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ಬೆಳಗಾವಿಗೆ ಕೂಡಿತು. ಕಾಗವಾಡದ ಸುತ್ತಲಿನ ಹಳ್ಳಿಗಳ ಮಗ್ಗುಲಲ್ಲಿ ಮಿರಜ, ಸಾಂಗಲಿ, ಕುರುಂದವಾಡಗಳೆಂಬ ಪಟವರ್ಧನರ ಸಂಸ್ಥಾನಗಳು ಹರಡಿದ್ದುವು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದುದು ತೀರ ಈಚಿನ ಮಾತು. ಇಂತು ಅರಸುತನಗಳು ಹಲವಾಗಿದ್ದರೂ ಕಚೇರಿಯ ಬರವಣಿಗೆಯು ಬಹುಮಟ್ಟಿಗೆ ಮೋಡಿ ಲಿಪಿಯ ಮರಾಠಿಯೇ. ಕಚೇರಿಯ ಭಾಷೆ ಯಾವುದೋ ಅದೇ ಶಾಲೆಯ ಭಾಷೆಯಾಗುವುದು ಸಹಜವಾದುದರಿಂದ ಕಂಪೆನಿ ಸರಕಾರದವರು ಕರ್ಣಾಟಕದಲ್ಲಿ ಮೊದಮೊದಲು ತೆರೆದ ಶಾಲೆಗಳಲ್ಲಿಯೂ ಮರಾಠಿಯೇ ನಡೆಯಿತು. ವಾಲ್ಟರ್ ಎಲಿಯಟ್ಟನು 1830ರ ಸುಮಾರಿಗೆ ಧಾರವಾಡದಲ್ಲಿ ಕನ್ನಡದ ಪರವಾಗಿ ನಿಂತುದೂ, ಮುಂದೆ ಡೆಪ್ಯುಟಿ ಚೆನ್ನಬಸಪ್ಪನವರು ಬೆಳಗಾವಿ ಧಾರವಾಡಗಳ ಶಾಲೆಗಳಿಗೆ ಕನ್ನಡವನ್ನು ತಿರುಗಿ ತಂದುದೂ ವಾಚಕರಿಗೆ ತಿಳಿದ ಸಂಗತಿ. ಆದರೆ ಚೆನ್ನಬಸಪ್ಪನವರ ಕೈಯು ಬ್ರಿಟಿಷ್ ತಾಲೂಕುಗಳ ಪ್ರಾಥಮಿಕ ಶಾಲೆಗಳವರೆಗೆ ಮಾತ್ರ ಚಾಚಬಲ್ಲುದಾಗಿತ್ತು. ಸಂಸ್ಥಾನಗಳ ಹಳ್ಳಿಗಳು ಅದರ ಆಚೆ ಉಳಿದುವು.

ಇಂಗ್ಲಿಷು ಈ ಜಿಲ್ಲೆಗೆ ಬಂದುದು ಬೇಗನೆ. ಲಂಡನ್ ಮಿಶನ್ನಿನವರು ಬೆಳಗಾವಿಯಲ್ಲಿ 1832ರಲ್ಲಿಯೇ ಇಂಗ್ಲಿಷ್ ಶಾಲೆಯನ್ನು ತೆರೆದರು. ಮೆಕಾಲೆಯ ಟಿಪ್ಪಣಿಗೆ ಅದು ಮೂರು ವರುಷ ಹಿರಿದು. 1840ರ ದಶಕದಲ್ಲಿ ಮುಂಬಯಿಯ ಶಿಕ್ಷಣ ಮಂಡಳಿಯಲ್ಲಿ ಅರ್ಸ್ಕಿನ್ ಪೆರಿ ಇಂಗ್ಲಿಷೇ ಉನ್ನತ ವಿದ್ಯೆಯ ಮಾಧ್ಯಮವಾಗಬೇಕೆಂದೂ, ಕರ್ನಲ್ ಜರ್ವಿಸ್ ದೇಶಭಾಷೆಗಳೇ ಆಗಬೇಕೆಂದೂ ವಾದಿಸಿದರು. 1854ರ ವುಡ್ಡನ ಆಜ್ಞಾಪತ್ರವು ಇಬ್ಬರಿಗೂ ಪಾಲು ಕೊಟ್ಟು, ಕೆಳಗಿನ ಮೆಟ್ಟಲಿಗೆ ದೇಶಭಾಷೆ, ಮೇಲಿನದಕ್ಕೆ ಇಂಗ್ಲಿಷು ಎಂದು ನಿರ್ಣಯಿಸಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವೂ, 1859ರಲ್ಲಿ ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆಯೂ ಬಂದುವು. ಅಂದಿನಿಂದ ಹುಡುಗರ ಮುಂದೆ ಎರಡು ಹಾದಿಗಳು ತೆರೆದುವು. ದೇಶಭಾಷೆಯಲ್ಲಿಯೇ ಕೊನೆಯವರೆಗೆ ಓದಿ ಮುಲ್ಕಿ ಪರೀಕ್ಷೆಗೆ ಕುಳಿತವನು ಮಾಸ್ತರನೋ ತಲಾಠಿಯೋ ಆಗುತ್ತಿದ್ದನು. ನಡುವೆ ಹೊರಳಿ ಇಂಗ್ಲಿಷ್ ಇಯತ್ತೆಗೆ ಸೇರಿದವನು ಮೆಟ್ರಿಕ್ಕಿನ ಕಡೆಗೆ ಹೋಗುತ್ತಿದ್ದನು. ಹೀಗೆ ಹೊರಳುವ ಹುಡುಗನಿಗೆ ಹತ್ತಿರದ ದೊಡ್ಡ ಊರು ಯಾವುದು? ಅಥಣಿ ಕಾಗವಾಡಗಳಿಗೆ ಮಿರಜ ಸಾಂಗಲಿಗಳು, ರಾಯಬಾಗ ನಿಪ್ಪಾಣಿಗಳಿಗೆ ಕೊಲ್ಹಾಪುರ. 20ನೆಯ ಶತಮಾನದ ಆರಂಭದಲ್ಲಿ ಶಾಹೂ ಮಹಾರಾಜರ ಪ್ರೋತ್ಸಾಹದಿಂದ ಕೊಲ್ಹಾಪುರದಲ್ಲಿ ಜೈನರಿಗೂ ಲಿಂಗಾಯತರಿಗೂ ಬೇರೆ ಬೇರೆ ವಿದ್ಯಾರ್ಥಿನಿಲಯಗಳು ಏರ್ಪಟ್ಟುದರಿಂದ ಕನ್ನಡ ಮನೆಗಳ ಬಡ ಹುಡುಗರಿಗೂ ಅಲ್ಲಿ ಅನ್ನವು ದೊರೆಯಿತು. ಅನ್ನದ ಸಂಗಡ ಮರಾಠಿಯ ಮೂಲಕ ಇಂಗ್ಲಿಷು ಬಂದಿತು.

ಆ ಕಾಲದ ಪುಸ್ತಕಗಳಲ್ಲಿ ಎಲ್ಲರ ಕೈಯಲ್ಲಿದ್ದುದು ತರ್ಖಡಕರರ ಭಾಷಾಂತರ ಪಾಠಮಾಲೆ. ಅದರ ಕ್ರಮವು ಸರಳವಾದುದು: ಒಂದು ನಿಯಮ, ಕೆಲವು ಶಬ್ದಗಳು, ಇಂಗ್ಲಿಷಿನಿಂದ ಮರಾಠಿಗೆ ತಿರುಗಿಸಲು ಕೆಲವು ವಾಕ್ಯಗಳು, ಆಮೇಲೆ ಮರಾಠಿಯಿಂದ ಇಂಗ್ಲಿಷಿಗೆ ತಿರುಗಿಸಲು ಮತ್ತೆ ಕೆಲವು. ಸಂಸ್ಕೃತವನ್ನು ಅಭ್ಯಾಸ ಮಾಡಿದವರಿಗೆ ಈ ಕ್ರಮವು ಚಿರಪರಿಚಿತ. ರಾಮಕೃಷ್ಣ ಗೋಪಾಳ ಭಾಂಡಾರಕರರು 1864ರಲ್ಲಿಯೂ 1868ರಲ್ಲಿಯೂ ಹೊರಡಿಸಿದ ಸಂಸ್ಕೃತದ ಎರಡು ಪಾಠಪುಸ್ತಕಗಳ ಹೊಂದಿಕೆಯು ಇದೇ. ವಾಮನ ಶಿವರಾಮ ಆಪ್ಟೆಯವರ ಸಂಸ್ಕೃತ ರಚನೆಯ ಗ್ರಂಥವೂ ಇಂಗ್ಲಿಷ್ ವಾಕ್ಯವನ್ನು ಎದುರಿಗಿಟ್ಟುಕೊಂಡೇ ಕಾರಕಗಳನ್ನು ಬೋಧಿಸುವುದು. ಈ ಪುಸ್ತಕಗಳು ಬರೆಯಲ್ಪಟ್ಟುದು ಇಂಗ್ಲಿಷು ಬಲ್ಲವನಿಗೆ ಸಂಸ್ಕೃತವನ್ನು ಕಲಿಸುವುದಕ್ಕಾಗಿ. ಪಾಠಶಾಲೆಯಲ್ಲಿ ಬೆಳೆದವರು ಅವನ್ನು ತಿರುವುಮುರುವಾಗಿ ಓದಿ ಇಂಗ್ಲಿಷು ಕಲಿಯಬಹುದು. ನಾವೂ ಬಹಳಮಟ್ಟಿಗೆ ಹಾಗೆ ಓದಿದವರೇ. ಸಂಸ್ಕೃತ ವಾಕ್ಯದ ಅರ್ಥವು ಮೊದಲೇ ತಿಳಿದಿರುವುದರಿಂದ ಎದುರಿನ ಇಂಗ್ಲಿಷ್ ವಾಕ್ಯವು ತಾನಾಗಿ ಬಾಯಿ ತೆರೆಯುವುದು.

ಮೇಲಿನ ಇಯತ್ತೆಗಳಲ್ಲಿ ನೆಸ್‌ಫೀಲ್ಡನ ವ್ಯಾಕರಣವು ರಾಜ್ಯವಾಳಿತು. ಇದರ ಮೂಲಪುರುಷನೆಂದರೆ 1795ರಲ್ಲಿ ವ್ಯಾಕರಣವನ್ನು ಪ್ರಕಟಿಸಿದ ಲಿಂಡ್ಲೆ ಮರೆ. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಎಂಬವರ ಪುಸ್ತಕವು ಬಂದು ನೆಸ್‌ಫೀಲ್ಡನನ್ನು ಮೂಲೆಗೆ ಸರಿಸಿತು; ಅದು ಇಂದಿಗೂ ಅಂಗಡಿಯಲ್ಲಿ ಮಾರುವುದು. ಇದರ ಕರ್ತೃಗಳಲ್ಲಿ ಮೊದಲನೆಯವನಾದ ರೆನ್ನನು ಆಗ ಮುಂಬಯಿ ಇಲಾಖೆಗೆ ಸೇರಿದ್ದ ಕರಾಚಿಯಲ್ಲಿ ಶಿಕ್ಷಣಖಾತೆಯ ಚಾಕರಿ ಮಾಡಿದವನು. ಹೊರನಾಡುಗಳಲ್ಲಿ ಅವನ ಹೆಸರು ಉಳಿದಿರುವುದು ಸಿಪಾಯಿಗಳ ಸಾಹಸದ ಕಾದಂಬರಿಯಿಂದ, ನಮ್ಮಲ್ಲಿ ವ್ಯಾಕರಣದಿಂದ! ಈ ಪುಸ್ತಕಗಳ ಮುಖ್ಯ ಅಭ್ಯಾಸವೆಂದರೆ ಪಾರ್ಸಿಂಗ್, ಎಂದರೆ ಪದಪರಿಚಯ; ಮತ್ತು ಅನಾಲಿಸಿಸ್, ಎಂದರೆ ವಾಕ್ಯವಿಭಜನೆ. ಕಾವ್ಯವನ್ನು ಅನ್ವಯಿಸಿ, ಪ್ರತಿಪದಕ್ಕೂ ಲಿಂಗ ವಚನ ವಿಭಕ್ತಿಗಳನ್ನು ಹೇಳುವ ಪಾಠಶಾಲೆಯ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ಭಾಷೆಯ ಸ್ವಭಾವದಲ್ಲಿ. ಇಲ್ಲಿಯೇ ಹುಡುಗರು ಎಡವುತ್ತಿದ್ದರು, ಈಗಲೂ ಎಡವುವರು; ಆದುದರಿಂದ ಇದನ್ನು ತುಸು ವಿಸ್ತರಿಸಬೇಕಾಗಿದೆ.

ಕನ್ನಡದಲ್ಲಿ ‘ರಾಮನು ಕೃಷ್ಣನನ್ನು ಕರೆದನು’ ಎಂಬ ವಾಕ್ಯದ ಪದಗಳನ್ನು ಹೇಗೆ ಕದಲಿಸಿದರೂ ಕರೆದವನು ರಾಮನೇ. ಕಾರಕವು ಪ್ರತ್ಯಯದಲ್ಲಿ ಕುಳಿತಿರುವುದು. ಪದವು ಎಲ್ಲಿ ಹೋದರೂ ಅದು ಜೊತೆಯಲ್ಲಿ ಹೋಗುವುದು. ಇಂಗ್ಲಿಷಿನಲ್ಲಿ ‘ರಾಮ ಕಾಲ್ಡ್ ಕೃಷ್ಣ’ ಎಂಬುದನ್ನು ತಿರುಗಿಸಿದರೆ ಕರೆದವನು ಕರೆಯಿಸಿಕೊಂಡವನಾಗುವನು. ಅಲ್ಲಿ ಸ್ಥಾನವೇ ವಿಭಕ್ತಿ: ಕ್ರಿಯೆಯ ಹಿಂದಿನ ಸ್ಥಾನವು ಪ್ರಥಮೆ, ಮುಂದಿನ ಸ್ಥಾನವು ದ್ವಿತೀಯೆ. ಈ ಒಂದು ಮಾತನ್ನು ಮೊದಲ ದಿನವೇ ಹೇಳಿದರೆ ತಿಂಗಳುಗಟ್ಟಲೆಯ ಶ್ರಮವು ಉಳಿಯುವುದು. ಮರೆಯ ಸಂತತಿಯ ವ್ಯಾಕರಣಗಳು ಇದನ್ನು ಹೇಳುವುದು ಬಹಳ ಹಿಂದಿನ ಪುಟಗಳಲ್ಲಿ. ಲ್ಯಾಟಿನ್ನಿನ ಅಚ್ಚಿನಲ್ಲಿ ಇಂಗ್ಲಿಷನ್ನು ಹೊಯ್ದವರಿಗೆ, ನಾಮಪದಕ್ಕೆ ಇಲ್ಲದ ವಿಭಕ್ತಿಗಳನ್ನು ಎಣಿಸುವುದರಲ್ಲಿಯೇ ಮೊದಲ ಪುಟಗಳು ತೀರಿಹೋಗುವುವು.

ಕ್ರಿಯಾಪದದ ವಿಷಯವು ಇನ್ನೊಂದು. ‘ನಿನ್ನೆ ಬಂದಿದ್ದೇನೆ’ ಎಂದರೆ ನಮ್ಮ ಕಿವಿಗೆ ದೋಷವಿಲ್ಲ. ಅದನ್ನೇ ಹುಡುಗನು ‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ಎಂದು ಬರೆದರೆ ಮಾಸ್ತರನು ಕೆಂಪು ಗೆರೆಯನ್ನೆಳೆಯುವನು, ಕಾರಣವನ್ನು ಮಾತ್ರ ಹೇಳಲಾರನು. ಪಾಣಿನೀಯವನ್ನು ಓದಿದವನಿಗೆ ಕಾರಣವು ದೂರವಿಲ್ಲ. ಲಙ್ ಲಕಾರವು ಅನದ್ಯತನ ಭೂತಕ್ಕೆ, ಎಂದರೆ ಇಂದಿನದಲ್ಲದ ಕಳೆದ ಕಾಲಕ್ಕೆ. ಲುಙ್ ಲಕಾರವು ಇಂದಿನ ಅಥವಾ ಕಾಲವಿಶೇಷವನ್ನು ನಿರ್ದೇಶಿಸದ ಭೂತಕ್ಕೆ. ಇಂಗ್ಲಿಷಿನ ‘ಹ್ಯಾವ್’ ಕೂಡಿದ ರೂಪವು ಈ ಎರಡನೆಯದರ ನೆರೆಯದು. ‘ನಿನ್ನೆ’ ಎಂಬ ಪದವು ಅದರ ಪಕ್ಕದಲ್ಲಿ ನಿಲ್ಲಲಾರದು. ಎರಡೂ ಪೂರ್ಣವಾಗಿ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಭೂತಕಾಲದಲ್ಲಿ ಇಂತಹ ಭೇದವೊಂದು ಸಾಧ್ಯವೆಂದು ತಿಳಿದ ವಿದ್ಯಾರ್ಥಿಗೆ ನಿಯಮವು ಹುಚ್ಚಾಟದಂತೆ ತೋರುವುದಿಲ್ಲ.

‘ದಿ’ ಎಂಬ ಪುಟ್ಟ ಪದವಂತೂ ಕನ್ನಡಕ್ಕೂ ಮರಾಠಿಗೂ ಸಂಸ್ಕೃತಕ್ಕೂ ಸಮಾನವಾಗಿ ಅಪರಿಚಿತ. ಇಲ್ಲಿ ಸಹಾಯಕ್ಕೆ ಬರುವವರು ವೈಯಾಕರಣರಲ್ಲ, ಆಲಂಕಾರಿಕರು. ಮಮ್ಮಟನು ಕಾವ್ಯಪ್ರಕಾಶದ ದೋಷಪ್ರಕರಣದಲ್ಲಿ ‘ತದ್’ ಶಬ್ದವು ‘ಯದ್’ ಶಬ್ದದ ಅಪೇಕ್ಷೆಯಿಲ್ಲದೆ ಎಲ್ಲಿ ಬರಬಹುದೆಂದು ವಿಚಾರಿಸುತ್ತ, ಪ್ರಕ್ರಾಂತ, ಪ್ರಸಿದ್ಧ, ಅನುಭೂತ ಎಂಬ ಮೂರು ಎಡೆಗಳನ್ನು ತೋರಿಸಿರುವನು. ಕಥೆಯಲ್ಲಿ ಒಮ್ಮೆ ‘ಎ ಕಿಂಗ್’ ಎಂದು ಬಂದವನು ಎರಡನೆಯ ಸಲ ‘ದಿ ಕಿಂಗ್’ ಆಗುವುದು ಪ್ರಕ್ರಾಂತತ್ವದಿಂದ. ‘ದಿ ಸನ್’ ಎಂಬುದು ಪ್ರಸಿದ್ಧಿಯಿಂದ. ಮೂರನೆಯದಕ್ಕೂ ಉದಾಹರಣೆಗಳು ದುರ್ಲಭವಲ್ಲ. ಮಮ್ಮಟನನ್ನು ಬಲ್ಲ ಶಾಸ್ತ್ರಿಗಳು ಈ ಸೀಮೆಯ ಅಗ್ರಹಾರಗಳಲ್ಲಿಯೂ ಮಠಗಳಲ್ಲಿಯೂ ಇದ್ದರು. ಇಂಗ್ಲಿಷ್ ಶಾಲೆಯು ಅವರ ಬಾಗಿಲನ್ನು ತಟ್ಟಲಿಲ್ಲ, ಅವರೂ ಶಾಲೆಯ ಕಡೆಗೆ ಇಣಿಕಲಿಲ್ಲ.

ಪರಿಭಾಷೆಯಲ್ಲಿ ಆದ ಗೊಂದಲವು ಇನ್ನೂ ಸ್ವಾರಸ್ಯವಾದುದು. ದಾದೋಬಾ ಪಾಂಡುರಂಗರು 1836ರಲ್ಲಿ ಪ್ರಕಟಿಸಿದ ಮರಾಠೀ ವ್ಯಾಕರಣದ ಕಾಲದಿಂದ ಮರಾಠಿಯಲ್ಲಿ ಇಂಗ್ಲಿಷಿನ ಮಾದರಿಯ ಎಂಟು ಶಬ್ದಜಾತಿಗಳು ರೂಢಿಗೆ ಬಂದುವು. ಅಲ್ಲಿ ನಾಮಕ್ಕೆ ಹತ್ತಿ ಬರುವ ಸಂಬಂಧಪದಕ್ಕೆ ಶಬ್ದಯೋಗಿ ಅವ್ಯಯವೆಂದು ಹೆಸರು. ಇಂಗ್ಲಿಷಿನ ಪ್ರಿಪೊಜಿಶನ್ನಿಗೂ ಅದೇ ಹೆಸರು ಸಂದಿತು. ನಾಮದ ಹಿಂದೆ ನಿಲ್ಲುವುದೋ ಮುಂದೆ ನಿಲ್ಲುವುದೋ ಎಂಬುದು ಹೆಸರಿನಲ್ಲಿ ಇಲ್ಲವಾದರೂ, ಕೆಲಸವೇನೆಂಬುದು ಇದೆ. ಆದುದರಿಂದ ಹೆಸರು ಒಪ್ಪತಕ್ಕದ್ದೇ. ಕನ್ನಡದಲ್ಲಿ ಅನೇಕರು ಅದನ್ನು ಉಪಸರ್ಗವೆಂದು ಕರೆದರು. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿಗೆ ಹತ್ತುವುದಲ್ಲದೆ ನಾಮವನ್ನು ಆಳುವುದಲ್ಲ. ಇಷ್ಟಾದರೂ ಇಂಗ್ಲಿಷಿನಲ್ಲಿ ನಿಜವಾದ ಉಪಸರ್ಗಕ್ಕೆ ಹೋಲುವ ವಸ್ತುವೊಂದಿದೆ. ಹೃ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರಗಳು ಹುಟ್ಟಿ ಒಂದರ ಅರ್ಥಕ್ಕೂ ಇನ್ನೊಂದಕ್ಕೂ ನಂಟಿಲ್ಲದಂತೆ ತೋರುವುದಷ್ಟೆ? ಹಾಗೆಯೇ ‘ಪುಟ್’ ಎಂದರೆ ಇಡುವುದು. ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕುವುದು, ‘ಪುಟ್ ಔಟ್’ ಎಂದರೆ ದೀಪವನ್ನು ಆರಿಸುವುದು, ‘ಪುಟ್ ಅಪ್ ವಿತ್’ ಎಂದರೆ ಸೈರಿಸುವುದು. ಧಾತುವಿನ ಅರ್ಥವನ್ನು ಬಲಾತ್ಕಾರದಿಂದ ಬೇರೆಡೆಗೆ ಎಳೆದೊಯ್ಯುವ ಗುಣವು ಎರಡರಲ್ಲಿಯೂ ಒಂದೇ. ಉಪಸರ್ಗವೆಂಬ ಹೆಸರನ್ನು ಸಲ್ಲದ ಕಡೆಗೆ ಕೊಟ್ಟುದರಿಂದ, ಸಲ್ಲುವ ಕಡೆಗೆ ಹೆಸರಿಲ್ಲದೆ ಹೋಯಿತು. ಈ ಪದಗುಚ್ಛಗಳನ್ನು ಹುಡುಗರು ಇಂದಿಗೂ ಕಾರಣವರಿಯದೆ ಉರು ಹೊಡೆಯುವರು.

ಇನ್ನು ಮರಾಠಿಯ ಮಧ್ಯಸ್ಥಿಕೆಯಿಂದ ಕೆಟ್ಟುದೇನು, ಉಳಿದುದೇನು? ಕನ್ನಡದ ಅಭಿಮಾನದಿಂದ ಮಾತ್ರ ನೋಡುವವರು ಕೆಟ್ಟುದನ್ನೇ ಹೇಳುವರು. ಆದರೆ ಕಾಗವಾಡದಿಂದ ಹೆಚ್ಚು ದೂರವಿಲ್ಲದ, ಸಾಂಗಲಿಯ ಮಗ್ಗುಲಿನ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ನಡೆಸಿ 1971ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಇಲ್ಲಿ ಗಣಿಸಲೇಬೇಕು. ಆ ಊರಿನಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಉಳಿದವರಲ್ಲಿ ಹಲವರು ಮರಾಠಿಯನ್ನು ಮನೆಯಲ್ಲಿ ಆಡುವರು. ಶತಮಾನಗಳ ಸಹವಾಸದಿಂದ ಈ ಭಾಷೆಗಳ ವಾಕ್ಯರಚನೆಯು ಎಷ್ಟು ಒಂದಾಗಿದೆಯೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಾಗಿ ಮಾಡಬಹುದು. ಬೇರೆಯಾಗಿ ಉಳಿದಿರುವುದು ಮುಖ್ಯವಾಗಿ ಶಬ್ದಭಂಡಾರವೇ. ಗ್ರಾಂಥಿಕ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ವಾಕ್ಯವು ಮುಗಿಯಿತು, ಕ್ರಿಯಾಪದವು ಬೇಡ. ಈ ಸೀಮೆಯ ಮಾತಿನಲ್ಲಿ ‘ಇದು ನಿಮ್ಮ ಮನಿ ಐತಿ’ ಎಂಬರು, ಮರಾಠಿಯ ‘ಆಹೇ’ ಎಂಬುದರ ಎಡೆಯಲ್ಲಿ ‘ಐತಿ’ಯನ್ನು ಇಟ್ಟು. ಇದನ್ನು ಅಶುದ್ಧವೆಂದು ಹಳಿಯುವ ಪಂಡಿತರಿರುವರು. ಇಂಗ್ಲಿಷಿನ ‘ಈಸ್’ ಎಂಬುದನ್ನು ಬಿಟ್ಟು ಬರೆಯುವ ತಪ್ಪು ಮೈಸೂರಿನ ಕಡೆಯ ಹುಡುಗನಿಗೆ ಸುಲಭವಾಗಿ ಬರುವುದು. ಗಡಿನಾಡಿನ ಹುಡುಗನ ಬಾಯಲ್ಲಿ ಆ ಸ್ಥಾನವು ಮೊದಲೇ ತುಂಬಿರುವುದು.

ಹೀಗೆ ವಾಕ್ಯರಚನೆಯ ಮಟ್ಟಿಗೆ ಮರಾಠಿಯ ಕೈಗೋಲು ಅಷ್ಟೇನೂ ಹಾನಿಕರವಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಕರ್ತೃವು ಮೊದಲು, ಕ್ರಿಯೆಯು ಕೊನೆಗೆ. ‘ನನಗೆ ಹಸಿವೆಯಾಗಿದೆ’ ಎಂಬಲ್ಲಿ ಚತುರ್ಥೀ ವಿಭಕ್ತಿ. ಪ್ರಶ್ನೆಯ ಗುರುತು ವಾಕ್ಯದ ತುದಿಯಲ್ಲಿ: ಇವೆಲ್ಲ ಎರಡಕ್ಕೂ ಸಮಾನ. ತರ್ಖಡಕರರು ಮರಾಠೀ ಬಾಲಕನಿಗೆಂದು ಹಾಕಿದ ಎಚ್ಚರಿಕೆಗಳು ಕನ್ನಡ ಬಾಲಕನಿಗೂ ಸಲ್ಲುತ್ತಿದ್ದುವು. ಹಾನಿಯಾದುದು ಶಬ್ದಸಂಗ್ರಹದಲ್ಲಿ. ಮನೆಯಲ್ಲಿ ಮರಾಠಿಯನ್ನು ಕೇಳದ ಹಳ್ಳಿಯ ಹುಡುಗನು ಒಂದು ಇಂಗ್ಲಿಷ್ ಶಬ್ದಕ್ಕೆ ಮರಾಠಿಯ ಅರ್ಥವನ್ನು ಬಾಯಿಪಾಠ ಮಾಡಿ, ಆ ಮರಾಠಿಗೆ ಮತ್ತೆ ಕನ್ನಡವನ್ನು ಹುಡುಕಬೇಕು. ಪಟ್ಟಣದ ಕಚೇರಿಯವರ ಮಕ್ಕಳಿಗೆ, ವ್ಯಾಪಾರಿಗಳ ಮಕ್ಕಳಿಗೆ ಈ ತೊಡಕಿಲ್ಲ; ಒಕ್ಕಲಿಗರ ಮಕ್ಕಳಿಗೆ ಇದೆ. ಶಾಲೆಯನ್ನು ನಡುವೆ ಬಿಟ್ಟವರಾರು ಎಂದು ವಿಚಾರಿಸುವವರು ಬುದ್ಧಿಯನ್ನು ಅಳೆಯುವುದಕ್ಕೆ ಮೊದಲು ಈ ಎರಡು ಅಂಚೆಯ ಪ್ರಯಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕನ್ನಡದಲ್ಲಿ ಸಾಧನಗಳಿರಲಿಲ್ಲವೆಂದಲ್ಲ. ಮಂಗಳೂರಿನ ಜೀಗ್ಲರನ ಇಂಗ್ಲಿಷ್–ಕನ್ನಡ ಶಾಲಾ ನಿಘಂಟು 1876ರಲ್ಲಿ ಬಂದಿತ್ತು. ಮಂಗಳೂರಿನ ಪುಸ್ತಕವು ರಾಯಬಾಗದ ಹುಡುಗನ ಕೈಗೆ ಬರಲು ನಡುವೆ ಎರಡು ಸರಕಾರಗಳ ಗಡಿಗಳಿದ್ದುವು.

ಶಬ್ದಗಳು ಪುಸ್ತಕದಿಂದ ಮಾತ್ರ ಬರುವುವೆಂದು ತಿಳಿಯಬಾರದು. 19ನೆಯ ಶತಮಾನದ ಕೊನೆಗೆ ಮಿರಜ–ಬೆಳಗಾವಿ ರೈಲುದಾರಿಯು ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೇಲೆ ಹಾಯ್ದುದರಿಂದ ಟೇಸನ್ನು, ತಿಕೀಟು, ಸಿಗ್ನಲ್ಲು, ಗಾರ್ಡು ಎಂಬುವು ಅಕ್ಷರವರಿಯದವರ ಬಾಯಿಗೂ ಬಂದುವು. 1939ರಲ್ಲಿ ಉಗಾರದಲ್ಲಿ ಸಕ್ಕರೆಯ ಕಾರಖಾನೆಯು ಸ್ಥಾಪಿತವಾದ ಮೇಲೆ ಸೀಜನ್ನು, ಬಾಯಲರು, ಫಿಟ್ಟರು ಮೊದಲಾದುವು ಕಬ್ಬಿನ ಗದ್ದೆಯವರೆಗೂ ನಡೆದುವು. ಕಿವಿಯಿಂದ ಬಂದ ಈ ಶಬ್ದಗಳು ಮರೆಯುವುವಲ್ಲ, ಏಕೆಂದರೆ ಪ್ರತಿಯೊಂದರ ಬೆನ್ನಿಗೂ ಒಂದು ವಸ್ತುವಿದೆ. ಅಮರಸಿಂಹನ ಗುಟ್ಟೂ ಇದೇ: ಅವನು ಶಬ್ದಗಳನ್ನು ಅಕ್ಷರಕ್ರಮದಿಂದ ಜೋಡಿಸದೆ ಸ್ವರ್ಗವರ್ಗ, ವನೌಷಧಿವರ್ಗ ಎಂದು ವಸ್ತುಕ್ರಮದಿಂದ ಜೋಡಿಸಿದನು, ಲಿಂಗವನ್ನೂ ಅಲ್ಲಿಯೇ ಸೂಚಿಸಿದನು. ಬಂಗಾಲದಲ್ಲಿ ಅಧ್ಯಾಪಕನಾಗಿದ್ದ ಮೈಕಲ್ ವೆಸ್ಟನು ಬೇರೊಂದು ದಾರಿಯನ್ನು ಹಿಡಿದು, ಹೆಚ್ಚಾಗಿ ಬಳಕೆಯಲ್ಲಿರುವ ಸುಮಾರು 2000 ಶಬ್ದಗಳನ್ನು ಆಯ್ದು 1953ರಲ್ಲಿ ಪಟ್ಟಿಯನ್ನು ಪ್ರಕಟಿಸಿದನು. ಅಮರನದು ವಸ್ತುವಿನ ನಂಟು, ವೆಸ್ಟನದು ಬಳಕೆಯ ಎಣಿಕೆ. ಎರಡನ್ನೂ ಕೂಡಿಸಿ ಗಡಿನಾಡಿನ ಮಕ್ಕಳಿಗೆ ಕನ್ನಡ ಅರ್ಥಗಳೊಡನೆ ಒಂದು ಕಿರುಗೋಶವನ್ನು ಮಾಡುವುದು ಅಸಾಧ್ಯವಾದ ಕೆಲಸವಲ್ಲ.

ಈ ಹಳೆಯ ಪದ್ಧತಿಯನ್ನು ಹಳಿಯುವ ಮುನ್ನ ಅದರಿಂದ ಹೊರಬಂದವರನ್ನೂ ನೋಡಬೇಕು. ಚಿಕ್ಕೋಡಿ ತಾಲೂಕಿನ ಸದಲಗಾ ಗ್ರಾಮದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಬೆಳಗಾವಿಯ ಗಿಲಗಂಚಿ–ಅರಟಾಳ ಹೈಸ್ಕೂಲಿನಲ್ಲಿ ಓದಿ, ಸಾಂಗಲಿ ಪುಣೆಗಳಲ್ಲಿ ಮುಂದುವರಿದು, 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದರು. 1935ರಲ್ಲಿ ಅವರು ಸಂಪಾದಿಸಿದ ಕುಂದಕುಂದಾಚಾರ್ಯರ ಪ್ರವಚನಸಾರಕ್ಕೆ ಬರೆದ ಇಂಗ್ಲಿಷ್ ಪೀಠಿಕೆಯು ತಾನೇ ಒಂದು ಗ್ರಂಥದಷ್ಟಿದೆ. ಆ ಇಂಗ್ಲಿಷಿನಲ್ಲಿ ಅಲಂಕಾರವಿಲ್ಲ, ಆಡಂಬರವಿಲ್ಲ. ಪ್ರತಿಜ್ಞೆ, ಹೇತು, ಉದಾಹರಣೆಗಳು ಒಂದರ ಹಿಂದೊಂದು ನಿಲ್ಲುವುವು. ಪದಪರಿಚಯ ವಾಕ್ಯವಿಭಜನೆಗಳಲ್ಲಿ ಪಳಗಿದ ಕೈಯು ಅದರಲ್ಲಿ ಕಾಣುವುದು. ಅವರು 1967ರಲ್ಲಿ ಶ್ರವಣಬೆಳಗೊಳದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ಆದರೆ ಉಪಾಧ್ಯೆಯವರಂತಹರು ಯಾವ ಪದ್ಧತಿಯಲ್ಲಿಯೂ ಮೇಲೇಳುವವರು. ಪದ್ಧತಿಯ ಗುಣವನ್ನು ಸಾಮಾನ್ಯ ವಿದ್ಯಾರ್ಥಿಯಿಂದ ಅಳೆಯತಕ್ಕದ್ದು.

ಸ್ವಾತಂತ್ರ್ಯಾನಂತರ 1948ರ ಸುಮಾರಿಗೆ ಖೇರರ ಮುಂಬಯಿ ಸರಕಾರವು ಐದು, ಆರು, ಏಳನೆಯ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯದರಿಂದ ಪ್ರಾರಂಭಿಸಿತು. ದೇಶಭಾಷೆಗೆ ಬಲ ಬರಲೆಂಬ ಉದ್ದೇಶವು ಶ್ಲಾಘ್ಯವೇ. ಅದರ ಭಾರವು ಬಿದ್ದುದು ಮಾತ್ರ ಹಳ್ಳಿಯ ಮೇಲೆ: ಖಾಸಗಿ ಪಾಠಕ್ಕೆ ಹಣವುಳ್ಳವರು ಆ ಮೂರು ವರುಷಗಳನ್ನು ಮನೆಯಲ್ಲಿ ತುಂಬಿಕೊಂಡರು. 1956ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಪಠ್ಯಕ್ರಮವು ಬೆಂಗಳೂರಿನಿಂದ ಬರತೊಡಗಿತು. ಅದೇ ಬೆಂಗಳೂರಿನಲ್ಲಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭುಗಳು ನಡೆಸಿದ ಪ್ರಯೋಗವು ದೇಶಾಂತರಗಳಲ್ಲಿಯೂ ಹೆಸರಾಯಿತು. ವ್ಯಾಕರಣವನ್ನು ನೇರವಾಗಿ ಬೋಧಿಸದೆ, ನಕಾಶೆ, ವೇಳಾಪತ್ರಿಕೆ ಮುಂತಾದುವನ್ನು ಕೊಟ್ಟು ಸಮಸ್ಯೆಗಳನ್ನು ಬಿಡಿಸಲು ಹಚ್ಚಿದರೆ, ಅರ್ಥದ ಮೇಲೆ ಮನಸ್ಸಿಟ್ಟ ಮಗುವು ರಚನೆಯನ್ನು ಅರಿವಿಲ್ಲದೆಯೇ ಗ್ರಹಿಸುವುದೆಂಬುದು ಅವರ ಮತ. ಸೂತ್ರಪಾಠದಲ್ಲಿ ಬೆಳೆದ ನಮಗೆ ಇದನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಆದರೆ ರೈಲು ಬಂದಾಗ ‘ಸಿಗ್ನಲ್ಲು’ ಬಂದ ರೀತಿಯನ್ನು ನೆನೆದರೆ ಪೂರ್ಣವಾಗಿ ತಳ್ಳುವುದೂ ಕಷ್ಟ. ಇಂಗ್ಲಿಷಿನ ಮಾತು ದಿನವೂ ಕಿವಿಗೆ ಬೀಳುವ ಊರಿಗೂ, ಶಾಲೆಯ ನಾಲ್ಕು ಗೋಡೆಗಳೊಳಗೆ ಮಾತ್ರ ಕೇಳುವ ಊರಿಗೂ ಒಂದೇ ಪದ್ಧತಿಯು ಸಾಕೇ ಎಂಬ ಸಂದೇಹವು ನಮ್ಮಲ್ಲಿ ಉಳಿದಿದೆ.

2007ರಿಂದ ರಾಜ್ಯದ ಸರಕಾರೀ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಬಂದಿರುವುದು. ನಿಪ್ಪಾಣಿಯ ಮರಾಠೀ ಮಾಧ್ಯಮದ ಶಾಲೆಗಳಲ್ಲಿ ಇಂದು ತ್ರಿಕೋಣವು ತಿರುಗಿ ನಿಂತಿದೆ: ಮನೆಯ ಮಾತು ಮರಾಠಿ, ರಾಜ್ಯದ ಭಾಷೆ ಕನ್ನಡ, ಮೂರನೆಯದು ಇಂಗ್ಲಿಷು, 2015ರ ಕಾಯಿದೆಯ ಪ್ರಕಾರ ಕನ್ನಡವನ್ನು ಅಲ್ಲಿ ಕಲಿಯಲೇಬೇಕು. ಅಲ್ಲಿಯ ಮಗುವಿಗೆ ಒಂದು ತಾಸಿನಲ್ಲಿ ಶಬ್ದಯೋಗಿ ಅವ್ಯಯವೆಂದು ಹೇಳಿದ ಪದವನ್ನು ಇನ್ನೊಂದು ತಾಸಿನಲ್ಲಿ ಉಪಸರ್ಗವೆಂದು ಹೇಳಿದರೆ, ಎರಡೂ ಒಂದೇ ಎಂದು ತಿಳಿಸುವ ಭಾರವು ಇಂಗ್ಲಿಷಿನ ಮಾಸ್ತರನ ಮೇಲೆ ಬೀಳುವುದು. ಎರಡು ರಾಜ್ಯಗಳ ಪಠ್ಯಪುಸ್ತಕ ಮಂಡಲಿಗಳವರು ಕುಳಿತು ಎಂಟು ಶಬ್ದಜಾತಿಗಳಿಗೆ ಎಂಟು ಹೆಸರುಗಳನ್ನು ಗೊತ್ತುಮಾಡಲು ಒಂದು ಮಧ್ಯಾಹ್ನವು ಸಾಕು.